ಫೋನಿನಲ್ಲಿ ಬರುವ ಮೋಸಗಳು: ಕೃಷಿಕರು ವಹಿಸಬೇಕಾದ ಮುನ್ನೆಚ್ಚರಿಕೆಗಳು

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಕೃಷಿಕರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ನೀಡಿದ ಭಾಷಣದ ಪಾಠ)



ಅಡಿಕೆಗೆ ಕೊಳೆರೋಗ ತಗಲಿದ ಮೇಲೆ ಔಷಧಿ ಹೊಡೆದರೆ ಹೆಚ್ಚಿನ ಫಲವಿಲ್ಲ, ಮಳೆ ಹಿಡಿಯುವ ಮೊದಲೇ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಬೇಕು ಎಂಬುದು ಈ ಮೂರು ತಾಲೂಕುಗಳ ಪ್ರತಿಯೊಬ್ಬ ಬೆಳೆಗಾರನಿಗೂ ತಿಳಿದ ಸಂಗತಿ. ಇಂದು ನಾನು ಹೇಳಹೊರಟಿರುವುದು ತೋಟಕ್ಕೆ ಬರುವ ರೋಗದ ವಿಷಯವಲ್ಲ. ತೋಟದಿಂದ ಬಂದ ಹಣ ಬ್ಯಾಂಕಿನ ಖಾತೆಗೆ ಸೇರಿದ ಮೇಲೆ ಅದಕ್ಕೆ ತಗಲುತ್ತಿರುವ ಒಂದು ಪಿಡುಗಿನ ವಿಷಯ. ಇದಕ್ಕೂ ಮದ್ದನ್ನು ಮೊದಲೇ ಮಾಡಿಕೊಳ್ಳಬೇಕಾಗುತ್ತದೆ.

ಈ ಪಿಡುಗು ಎಷ್ಟು ಬೇಗ ಹರಡುತ್ತಿದೆ ಎಂಬುದಕ್ಕೆ ಒಂದೇ ಅಂಕಿ ಅಂಶ ಸಾಕು. ಕೇಂದ್ರ ಸರ್ಕಾರ 2025ರಲ್ಲಿ ಲೋಕಸಭೆಗೆ ತಿಳಿಸಿದ ಪ್ರಕಾರ, ಸೈಬರ್ ವಂಚನೆಗಳಿಂದ ದೇಶದ ಜನ 2023ರಲ್ಲಿ ಕಳೆದುಕೊಂಡ ಹಣ ಸುಮಾರು 7,465 ಕೋಟಿ ರೂಪಾಯಿ. 2024ರಲ್ಲಿ ಅದು 22,845 ಕೋಟಿ ರೂಪಾಯಿಗೆ ಏರಿತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದು ಪಟ್ಟಣದವರ ತೊಂದರೆ, ಹಳ್ಳಿಯಲ್ಲಿರುವ ನಮಗೇಕೆ ಎಂದು ಭಾವಿಸುವಂತಿಲ್ಲ.

ನಮ್ಮ ಕಡೆಯ ಪರಿಸ್ಥಿತಿ

ಬಯಲುಸೀಮೆಯ ಹಳ್ಳಿಗಳಂತೆ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಉದ್ಯೋಗದಲ್ಲಿದ್ದು, ಮನೆಯಲ್ಲಿ ವಯಸ್ಸಾದ ಇಬ್ಬರೇ ಇರುವುದು ಈಗ ಸರ್ವೇಸಾಮಾನ್ಯ. ಅಡಿಕೆ, ಕಾಳುಮೆಣಸು, ರಬ್ಬರ್, ಕೊಕ್ಕೊ ಮಾರಿದ ಹಣ ನೇರವಾಗಿ ಖಾತೆಗೆ ಬರುತ್ತದೆ. ಕೈಯಲ್ಲಿ ಮಕ್ಕಳು ಕೊಡಿಸಿದ ಫೋನು ಇದೆ. ಅನುಮಾನ ಬಂದರೆ ತಕ್ಷಣ ಕೇಳೋಣವೆಂದರೆ ಪಕ್ಕದ ಮನೆ ಅರ್ಧ ಮೈಲಿ ದೂರ.

ವಂಚಕನಿಗೆ ಬೇಕಾಗಿರುವುದು ಇದೇ. ಅವನ ವೇಷ ಬೇರೆ ಬೇರೆಯಾಗಿರಬಹುದು. ಒಮ್ಮೆ ಬ್ಯಾಂಕಿನ ಅಧಿಕಾರಿ, ಒಮ್ಮೆ ಪೊಲೀಸ್, ಒಮ್ಮೆ ಅಡಿಕೆ ಕೊಳ್ಳುವ ವ್ಯಾಪಾರಿ. ಆದರೆ ಎಲ್ಲ ವೇಷಗಳಲ್ಲೂ ಅವನು ಎರಡು ಕೆಲಸಗಳನ್ನು ತಪ್ಪದೆ ಮಾಡುತ್ತಾನೆ. ಮೊದಲನೆಯದು, ನಮ್ಮನ್ನು ಆತುರಪಡಿಸುವುದು. ಎರಡನೆಯದು, ಬೇರೆಯವರೊಂದಿಗೆ ಮಾತನಾಡದಂತೆ ನಮ್ಮನ್ನು ಒಂಟಿಯಾಗಿಸುವುದು. ಈ ಎರಡು ಲಕ್ಷಣಗಳನ್ನು ಗುರುತಿಸಲು ಕಲಿತರೆ ಹೊಸ ಹೊಸ ಮೋಸಗಳ ಹೆಸರುಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವಿಲ್ಲ.

ಸಾಮಾನ್ಯವಾಗಿ ಕಂಡುಬರುವ ಮೋಸಗಳು

1. ಆಪ್ ಕಳಿಸುವ ಮೋಸ: ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುವುದು ತಮಗೆಲ್ಲ ಗೊತ್ತಿದೆ. 'ನಿಮ್ಮ ಕಂತು ತಡೆಹಿಡಿಯಲ್ಪಟ್ಟಿದೆ, ಇದನ್ನು ಒತ್ತಿರಿ' ಎಂದು ವಾಟ್ಸಾಪಿನಲ್ಲಿ ಒಂದು ಕಡತ ಬರುತ್ತದೆ. ಅದರ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂಬ ಮೂರಕ್ಷರ ಇಂಗ್ಲಿಷಿನಲ್ಲಿರುತ್ತದೆ. ವಾಹನದ ದಂಡ, ಮದುವೆಯ ಕಾಗದ, ಬ್ಯಾಂಕಿನ ಕೆ.ವೈ.ಸಿ. ಎಂಬ ಹೆಸರಿನಲ್ಲಿಯೂ ಇಂಥವು ಬರುತ್ತವೆ. ಇದನ್ನು ಒತ್ತಿ ಅನುಮತಿ ಕೊಟ್ಟರೆ, ನಮ್ಮ ಫೋನಿಗೆ ಬರುವ ಸಂದೇಶಗಳೆಲ್ಲ ವಂಚಕನಿಗೂ ಕಾಣತೊಡಗುತ್ತವೆ. ನಾವು ಓ.ಟಿ.ಪಿ.ಯನ್ನು ಬಾಯಿಬಿಟ್ಟು ಹೇಳದಿದ್ದರೂ ಅವನಿಗೆ ಸಿಗುತ್ತದೆ. ಕಳಿಸಿದವರು ಪರಿಚಿತರೇ ಆಗಿದ್ದರೂ ಒತ್ತಬಾರದು. ಅವರ ಫೋನು ಮೊದಲೇ ವಂಚಕರ ವಶವಾಗಿರುವ ಸಂಭವವಿದೆ.

2. ಹಣ ಬರುವುದೆಂದು ಹಣ ಎಳೆಯುವ ಮೋಸ: ಹಳೆಯ ಅಡಿಕೆ ಸುಲಿಯುವ ಯಂತ್ರವನ್ನೋ ಪಂಪ್‌ಸೆಟ್ಟನ್ನೋ ಮಾರಾಟಕ್ಕಿಟ್ಟಿದ್ದೀರಿ ಎಂದಿಟ್ಟುಕೊಳ್ಳೋಣ. ಕೊಳ್ಳುವವನು ನೋಡದೆಯೇ ಹೇಳಿದ ಬೆಲೆಗೆ ಒಪ್ಪುತ್ತಾನೆ. ಬಳಿಕ ಒಂದು ಕ್ಯೂ.ಆರ್. ಚಿತ್ರ ಕಳಿಸಿ, 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ' ಎನ್ನುತ್ತಾನೆ. ಹಣ ಪಡೆಯಲು ಪಿನ್ ಒತ್ತಬೇಕಾದ ಅಗತ್ಯವೇ ಇಲ್ಲ. ಪಿನ್ ಒತ್ತಿದರೆ ನಮ್ಮ ಹಣವೇ ಹೋಗುತ್ತದೆ. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಹಣದ ಬೇಡಿಕೆ ಕಳಿಸುವ ಸೌಲಭ್ಯವನ್ನು ಯು.ಪಿ.ಐ.ಯಲ್ಲಿ 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಆದರೆ ಕ್ಯೂ.ಆರ್. ಚಿತ್ರದ ದಾರಿ ಇನ್ನೂ ತೆರೆದಿದೆ.

'ತಪ್ಪಿ ನಿಮ್ಮ ಖಾತೆಗೆ ಹಣ ಹಾಕಿದೆ, ದಯವಿಟ್ಟು ವಾಪಸು ಕಳಿಸಿ' ಎನ್ನುವವರೂ ಇದ್ದಾರೆ. ಹಣ ಜಮೆಯಾದಂತೆ ಸುಳ್ಳು ಸಂದೇಶವನ್ನು ಮೊದಲೇ ಕಳಿಸಿರುತ್ತಾರೆ. ಸಂದೇಶವನ್ನು ನಂಬದೆ ಖಾತೆಯ ಶಿಲ್ಕು ನೋಡಬೇಕು. ನಿಜವಾಗಿ ಬಂದಿದ್ದರೂ ಬ್ಯಾಂಕಿನ ಮೂಲಕವೇ ಹಿಂತಿರುಗಿಸಲು ಹೇಳಬೇಕು.

3. ಅರ್ಧ ಬೆಲೆಯ ಜಾಹೀರಾತು: ಕಾರ್ಬನ್ ಫೈಬರ್ ದೋಟಿ, ಹುಲ್ಲು ಕತ್ತರಿಸುವ ಯಂತ್ರ, ಸೋಲಾರ್ ಬೇಲಿ ಮುಂತಾದವು ಅರ್ಧ ಬೆಲೆಗೆ, ಇಂದು ಒಂದೇ ದಿನ ಎಂಬ ಜಾಹೀರಾತು ಕಂಡರೆ ಮುಂಗಡ ಕಳಿಸಬೇಡಿ. ಅಂಗಡಿಯ ವಿಳಾಸ ಎಲ್ಲಿದೆ, ಆ ಊರಿನಲ್ಲಿ ಯಾರಾದರೂ ಅದನ್ನು ಕಂಡಿದ್ದಾರೆಯೇ ಎಂದು ವಿಚಾರಿಸಿ. ಸಹಕಾರಿ ಸಂಘ ಅಥವಾ ಪರಿಚಿತ ಅಂಗಡಿಯಿಂದ ತರುವುದು ಒಳ್ಳೆಯದು.

4. ಟವರಿನ ಆಸೆ: 'ನಿಮ್ಮ ಜಾಗದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ' ಎಂಬ ಕಾಗದ ಸರ್ಕಾರಿ ಮೊಹರಿನೊಂದಿಗೇ ಬರಬಹುದು. ಸಿಗ್ನಲ್ ಸಿಗದ ನಮ್ಮ ಕಾಡಂಚಿನ ಗ್ರಾಮಗಳಲ್ಲಿ ಇದನ್ನು ನಂಬುವುದು ಸುಲಭ. ಆಮೇಲೆ ತೆರಿಗೆ, ನಿರಾಕ್ಷೇಪಣಾ ಪತ್ರ ಎಂದು ಹಣ ಕೇಳುತ್ತಾರೆ. ಖಾಸಗಿ ಜಾಗದಲ್ಲಿ ಟವರಿಗೆ ತಾವು ಯಾವ ಶುಲ್ಕವನ್ನೂ ಪಡೆಯುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ ಎಂದು ಕೇಂದ್ರದ ದೂರಸಂಪರ್ಕ ಇಲಾಖೆ ಮತ್ತು ಟ್ರಾಯ್ ಪ್ರಕಟಣೆ ನೀಡಿವೆ.

5. ಇ-ಮೇಲ್ ಮೋಸ: ಕಾಳುಮೆಣಸು, ಜಾಯಿಕಾಯಿ, ಜೇನು ಇತ್ಯಾದಿಗಳನ್ನು ಹೊರಗೆ ಮಾರುವವರು ಮತ್ತು ಮಕ್ಕಳಿಗೆ ಕೆಲಸ ಹುಡುಕುವವರು ಇದನ್ನು ಗಮನಿಸಬೇಕು. ಪತ್ರದಲ್ಲಿ ಕಂಪೆನಿಯ ಹೆಸರು ದೊಡ್ಡದಾಗಿದ್ದರೂ ಕಳಿಸಿದವರ ವಿಳಾಸದಲ್ಲಿ ಒಂದೆರಡು ಅಕ್ಷರ ಬದಲಾಗಿರುತ್ತದೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಣ ಕಳಿಸಿ' ಎಂದು ಬಂದರೆ, ಮೊದಲಿನಿಂದ ನಮ್ಮಲ್ಲಿದ್ದ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಪತ್ರದಲ್ಲೇ ಕೊಟ್ಟ ಸಂಖ್ಯೆಗೆ ಮಾಡಿದರೆ ವಂಚಕನೇ ಉತ್ತರಿಸುತ್ತಾನೆ.

6. ಸಹಾಯವಾಣಿಯ ಹೆಸರಿನ ಮೋಸ: ಬ್ಯಾಂಕಿನ ಅಥವಾ ಗ್ಯಾಸ್ ಏಜೆನ್ಸಿಯ ಸಂಖ್ಯೆಯನ್ನು ಗೂಗಲಿನಲ್ಲಿ ಹುಡುಕಿದಾಗ ವಂಚಕರು ಹಾಕಿದ ಸಂಖ್ಯೆ ಸಿಗುವುದುಂಟು. ಅವರು ಎನಿಡೆಸ್ಕ್‌ನಂಥ ಆಪ್ ಹಾಕಿಸಿ ನಮ್ಮ ಫೋನಿನ ಪರದೆಯನ್ನೇ ತಾವು ನೋಡುತ್ತಾರೆ. ರಿಸರ್ವ್ ಬ್ಯಾಂಕು 2019ರಲ್ಲಿಯೇ ಇದರ ಬಗ್ಗೆ ಎಚ್ಚರಿಸಿತ್ತು. ಬ್ಯಾಂಕಿನ ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದ ಅಥವಾ ಎ.ಟಿ.ಎಂ. ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಳ್ಳಬೇಕು.

ಹೆಬ್ಬೆಟ್ಟಿನ ಕಳವು

ಭೂಮಿ ಇರುವವರಿಗೆ ನೇರವಾಗಿ ಸಂಬಂಧಿಸಿದ, ನಮ್ಮ ಜಿಲ್ಲೆಯಲ್ಲೇ ನಡೆದ ಒಂದು ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು, ಈ ಮೂರೇ ಇದ್ದರೆ ಖಾತೆಯಿಂದ ಹಣ ತೆಗೆಯುವ ವ್ಯವಸ್ಥೆಯೊಂದಿದೆ. ಎ.ಇ.ಪಿ.ಎಸ್. ಎಂದು ಅದರ ಹೆಸರು. ಬ್ಯಾಂಕಿಲ್ಲದ ಊರುಗಳಲ್ಲಿ ವೃದ್ಧರಿಗೆ ಪಿಂಚಣಿ ಪಡೆಯಲು ಇದು ಬಹಳ ಉಪಕಾರಿ. ಆದರೆ ಇದಕ್ಕೆ ಓ.ಟಿ.ಪಿ. ಬೇಡ, ಪಿನ್ ಬೇಡ. 2023ರಲ್ಲಿ ಮಂಗಳೂರಿನಲ್ಲಿ, ಜಮೀನು ಅಥವಾ ಮನೆಯ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ಹೋದ ದೂರುಗಳು ಬಂದವು. ಅವರು ಯಾರಿಗೂ ಓ.ಟಿ.ಪಿ. ಹೇಳಿರಲಿಲ್ಲ. ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿದ್ದ ದಸ್ತಾವೇಜುಗಳಿಂದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಕದ್ದಿದ್ದಾರೆಂದು ತನಿಖೆಯಲ್ಲಿ ಕಂಡುಬಂತು. ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಬಂಧಿಸಿದರು. ಆ ಬಳಿಕ ಜಾಲತಾಣದಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವನ್ನು ಸರ್ಕಾರ ಕೈಗೊಂಡಿತು.

ಪಿನ್ ಕಳವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆದ್ದರಿಂದ ಕ್ರಯಪತ್ರ, ವಿಭಾಗಪತ್ರ, ಅಡಮಾನ ಇತ್ಯಾದಿಗಳಿಗೆ ಎಂದಾದರೂ ಹೆಬ್ಬೆಟ್ಟು ಕೊಟ್ಟವರು ತಮ್ಮ ಆಧಾರಿನ ಬೆರಳಚ್ಚಿಗೆ ಬೀಗ ಹಾಕಿಸಿಕೊಳ್ಳುವುದು ಸೂಕ್ತ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಆಪ್‌ನಲ್ಲಿ 'ಬಯೋಮೆಟ್ರಿಕ್ ಲಾಕ್' ಎಂಬ ಸೌಲಭ್ಯವಿದೆ. ಆಧಾರಿಗೆ ನಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಬೇಕಾದ ದಿನ ಕೆಲವು ನಿಮಿಷಗಳ ಮಟ್ಟಿಗೆ ಬೀಗ ತೆಗೆದುಕೊಳ್ಳಬಹುದು. ಸಂಶಯವಿದ್ದರೆ ಪ್ರಾಧಿಕಾರದ 1947 ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಆಧಾರ್ ಮೂಲಕ ಹಣ ತೆಗೆಯುವ ಅಗತ್ಯವೇ ಇಲ್ಲದವರು ಆ ಸೌಲಭ್ಯವನ್ನು ನಿಲ್ಲಿಸುವ ಬಗ್ಗೆ ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬೇಕು.

ಓ.ಟಿ.ಪಿ.ಯನ್ನು ಯಾರಿಗೆ ಹೇಳಬಹುದು?

'ಓ.ಟಿ.ಪಿ.ಯನ್ನು ಯಾರಿಗೂ ಹೇಳಬೇಡಿ' ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಆದರೆ ಕೃಷಿಕರ ಅನುಭವ ಬೇರೆ. ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿಗೆ, ಸೇವಾ ಕೇಂದ್ರದಲ್ಲಿ ಇ-ಕೆ.ವೈ.ಸಿ.ಗೆ, ಹೀಗೆ ಎಷ್ಟೋ ಕಡೆ ಸಿಬ್ಬಂದಿಯೇ 'ಒಂದು ನಂಬರ್ ಬಂದಿರುತ್ತದೆ, ಹೇಳಿ' ಎಂದು ಕೇಳುತ್ತಾರೆ. ಹೇಳದಿದ್ದರೆ ಕೆಲಸ ಆಗುವುದಿಲ್ಲ. ಹೀಗೆ ಹೇಳಿ ಹೇಳಿ ರೂಢಿಯಾದವರು ಫೋನಿನಲ್ಲಿ ಯಾರೋ ಕೇಳಿದಾಗಲೂ ಹೇಳಿಬಿಡುತ್ತಾರೆ. ಇದರಲ್ಲಿ ಕೃಷಿಕರ ದಡ್ಡತನವೇನೂ ಇಲ್ಲ.

ಆದ್ದರಿಂದ ನಿಜವಾಗಿ ಪಾಲಿಸಲು ಸಾಧ್ಯವಾಗುವ ಸೂತ್ರ ಹೀಗಿದೆ.

(ಅ) ನಾವಾಗಿ ಕಚೇರಿಗೆ ಹೋಗಿ, ಎದುರಿಗೆ ಕುಳಿತು, ನಮ್ಮದೇ ಕೆಲಸ ಮಾಡಿಸುತ್ತಿರುವಾಗ ಮಾತ್ರ ಆ ಕೆಲಸದ ಓ.ಟಿ.ಪಿ. ಹೇಳಬಹುದು.

(ಆ) ಹೇಳುವ ಮೊದಲು ಸಂದೇಶವನ್ನು ಪೂರ್ತಿ ಓದಬೇಕು ಅಥವಾ ಓದಿಸಬೇಕು. ಅದು ಯಾವ ಉದ್ದೇಶಕ್ಕೆ ಎಂದು ಅದರಲ್ಲೇ ಬರೆದಿರುತ್ತದೆ. ಹಣದ ಮೊತ್ತ ನಮೂದಾಗಿದ್ದರೆ ಯಾರಿಗೂ ಹೇಳಕೂಡದು.

(ಇ) ಫೋನಿನಲ್ಲಿ ಕೇಳಿದವರಿಗೆ, ಅವರು ಯಾರೇ ಆಗಿರಲಿ, ಹೇಳಕೂಡದು.

(ಈ) ಯು.ಪಿ.ಐ. ಪಿನ್ ಮತ್ತು ಎ.ಟಿ.ಎಂ. ಪಿನ್ ಎದುರಿಗೆ ಕುಳಿತವರಿಗೂ ಹೇಳುವಂಥದ್ದಲ್ಲ.

ಬೆದರಿಕೆಯ ಕರೆ

ಮೋಸಗಳಲ್ಲಿ ಅತ್ಯಂತ ಕ್ರೂರವಾದುದು ಇದು. 'ನಿಮ್ಮ ಹೆಸರಿನಲ್ಲಿ ಬಂದ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ' ಅಥವಾ 'ನಿಮ್ಮ ಆಧಾರಿನಿಂದ ಅಕ್ರಮ ಹಣ ಸಾಗಿಸಲಾಗಿದೆ' ಎಂದು ಕರೆ ಬರುತ್ತದೆ. ಬಳಿಕ ವಿಡಿಯೋದಲ್ಲಿ ಪೊಲೀಸ್ ಸಮವಸ್ತ್ರ ಧರಿಸಿದವನು, ಹಿಂದೆ ಠಾಣೆಯಂತಹ ಕೋಣೆ, ನ್ಯಾಯಾಲಯದ ಮೊಹರಿರುವ ಕಾಗದ. 'ನೀವೀಗ ಡಿಜಿಟಲ್ ಅರೆಸ್ಟಿನಲ್ಲಿದ್ದೀರಿ, ಕರೆ ಕತ್ತರಿಸಬಾರದು, ಮನೆಯವರಿಗೂ ತಿಳಿಸಬಾರದು' ಎಂದು ಗಂಟೆಗಟ್ಟಲೆ, ದಿನಗಟ್ಟಲೆ ಕೂರಿಸುತ್ತಾರೆ. ಕೊನೆಗೆ 'ಪರಿಶೀಲನೆಗಾಗಿ' ಎಂದು ಠೇವಣಿ ಮುರಿಸಿ ಹಣ ಕಳಿಸಿಕೊಳ್ಳುತ್ತಾರೆ.

2025ರ ಮಾರ್ಚಿಯಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ಹಿರಿಯ ದಂಪತಿಗಳಿಬ್ಬರು ಇಂಥವರ ಕಾಟಕ್ಕೆ ಸಿಕ್ಕಿ, ಉಳಿತಾಯದ ಹಣವನ್ನೂ ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು. ಹಣ ಹೋದುದಕ್ಕಿಂತ ಭಯ, ನಾಚಿಕೆ ಮತ್ತು ಯಾರಿಗೂ ಹೇಳಲಾಗದ ಸ್ಥಿತಿ ಮನುಷ್ಯನನ್ನು ಹೆಚ್ಚು ಕುಗ್ಗಿಸುತ್ತದೆ.

ಆದ್ದರಿಂದ ಮನೆಮಂದಿಯೆಲ್ಲರೂ ತಿಳಿದಿರಬೇಕಾದ ಸಂಗತಿ ಇದು. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪೊಲೀಸರಾಗಲಿ, ಸಿ.ಬಿ.ಐ. ಆಗಲಿ, ನ್ಯಾಯಾಲಯವಾಗಲಿ ವಿಡಿಯೋ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಹಣ ಕಳಿಸಲು ಹೇಳುವುದಿಲ್ಲ. 'ಯಾರಿಗೂ ಹೇಳಬೇಡ' ಎಂದು ಯಾವನಾದರೂ ಹೇಳಿದ ಕ್ಷಣವೇ ಕರೆ ಕತ್ತರಿಸಿ, ಯಾರಿಗಾದರೂ ಹೇಳಬೇಕು.

ಮೊದಲೇ ಮಾಡಿಕೊಳ್ಳಬೇಕಾದ ಏರ್ಪಾಡುಗಳು

1. ವರ್ಷವಿಡೀ ಬೇಕಾಗುವ ಅಡಿಕೆಯನ್ನೆಲ್ಲ ಯಾರೂ ಅಂಗಳದಲ್ಲಿ ಹರವಿಡುವುದಿಲ್ಲ. ಒಣಗುವಷ್ಟು ಅಂಗಳದಲ್ಲಿ, ಉಳಿದದ್ದು ಅಟ್ಟದಲ್ಲಿ. ಹಣವನ್ನೂ ಹಾಗೆಯೇ ಇಡಬೇಕು. ಫೋನಿಗೆ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ. ಬೆಳೆ ಮಾರಿದ ದೊಡ್ಡ ಮೊತ್ತ ಯು.ಪಿ.ಐ. ಜೋಡಣೆಯಿಲ್ಲದ ಬೇರೆ ಖಾತೆಯಲ್ಲಿರಲಿ.

2. ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ನೋಡಿಸಿಕೊಳ್ಳಬೇಕು. ಹಳೆಯ ಸಂಖ್ಯೆ ಇದ್ದರೆ ಹಣ ಹೋದ ಸಂದೇಶವೇ ನಮಗೆ ಬರುವುದಿಲ್ಲ.

3. ಕರೆ ಮತ್ತು ಜಾಲತಾಣಗಳನ್ನು ಗುರುತಿಸಲು ಎರಡು ಉಪಾಯಗಳಿವೆ. ಬ್ಯಾಂಕುಗಳು ಖಾತೆಯ ವ್ಯವಹಾರದ ಬಗ್ಗೆ ಮಾಡುವ ಕರೆ 1600ರಿಂದ ಆರಂಭವಾಗುವ ಸಂಖ್ಯೆಯಿಂದಲೇ ಬರಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಸೂಚಿಸಿದೆ. ಬ್ಯಾಂಕುಗಳ ಜಾಲತಾಣದ ವಿಳಾಸ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳಬೇಕೆಂದೂ ಹೇಳಿದೆ. ಸರ್ಕಾರದ ತಾಣಗಳು 'ಗವ್ ಡಾಟ್ ಇನ್' ಎಂದು ಮುಗಿಯುತ್ತವೆ.

4. ಮನೆಯಲ್ಲಿ ಒಂದು ಕಟ್ಟುಪಾಡು ಇರಲಿ. ಐದು ಸಾವಿರಕ್ಕಿಂತ ಹೆಚ್ಚಿನ ಹಣವನ್ನು ಹೊಸಬರಿಗೆ ಕಳಿಸುವ ಮೊದಲು ಮನೆಯ ಇನ್ನೊಬ್ಬರಿಗೆ ಹೇಳುವುದು. ಮಕ್ಕಳು ದೂರದಲ್ಲಿದ್ದರೆ ಅವರಿಗೊಂದು ಕರೆ ಮಾಡುವುದು. ಅಪ್ಪ, ಅಮ್ಮ ಕರೆ ಮಾಡಿದಾಗ ಮಕ್ಕಳೂ ಬೇಸರಪಟ್ಟುಕೊಳ್ಳಬಾರದು.

5. ಪುತ್ತೂರು, ಸುಳ್ಯಗಳಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿಗೆ ಒಂದು ಮಾತು ತಿಳಿಸಿ ಹೇಳಬೇಕು. 'ನಿನ್ನ ಖಾತೆಯನ್ನು ನಮಗೆ ಬಳಸಲು ಕೊಡು, ಕಮಿಷನ್ ಕೊಡುತ್ತೇವೆ' ಎನ್ನುವವರು ಕದ್ದ ಹಣ ಸಾಗಿಸಲು ಆ ಖಾತೆ ಬಳಸುತ್ತಾರೆ. ತನಿಖೆಯಲ್ಲಿ ಮೊದಲು ಪೊಲೀಸರು ಬರುವುದು ಖಾತೆಯ ಒಡೆಯನ ಮನೆಗೆ.

ಮೋಸ ಹೋದರೆ ಏನು ಮಾಡಬೇಕು?

ಕ್ರಮವಾಗಿ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ.

ಮೊದಲನೆಯದಾಗಿ, ತಕ್ಷಣ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಕೇಂದ್ರ ಗೃಹ ಸಚಿವಾಲಯದ ಸಹಾಯವಾಣಿ. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ದೂರು ದಾಖಲಾದೊಡನೆ ಆ ಬ್ಯಾಂಕುಗಳಿಗೆ ಸೂಚನೆ ಹೋಗಿ, ಹಣ ಇನ್ನೂ ಅಲ್ಲಿದ್ದರೆ ತಡೆಹಿಡಿಯಲಾಗುತ್ತದೆ. ಮೊದಲ ಒಂದೆರಡು ಗಂಟೆಗಳು ಅತ್ಯಮೂಲ್ಯ. ನಾಳೆ ಪೇಟೆಗೆ ಹೋದಾಗ ನೋಡೋಣ ಎಂದರೆ ಹಣ ಕೈಗೆ ಸಿಗುವುದಿಲ್ಲ.

ಎರಡನೆಯದಾಗಿ, ಬ್ಯಾಂಕಿಗೆ ತಿಳಿಸಿ ಖಾತೆ ಮತ್ತು ಕಾರ್ಡನ್ನು ತಡೆಹಿಡಿಸಬೇಕು. ದೂರಿನ ಸಂಖ್ಯೆ ಪಡೆಯಬೇಕು. ನಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, 3 ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಇಂಥ ಸೂಚನೆ ಹೊರಟಿತು. ಬೆರಳಚ್ಚಿನ ಕಳವಿನಂಥ ಪ್ರಸಂಗಗಳಲ್ಲಿ ಇದನ್ನು ನೆನಪಿಡಬೇಕು. ನಾವೇ ಪಿನ್ ಅಥವಾ ಓ.ಟಿ.ಪಿ. ಹೇಳಿದ್ದರೆ, ತಿಳಿಸುವ ತನಕದ ನಷ್ಟ ನಮ್ಮದು, ತಿಳಿಸಿದ ಬಳಿಕದ್ದು ಬ್ಯಾಂಕಿನದು. ಆದ್ದರಿಂದ ಯಾವ ಪ್ರಸಂಗದಲ್ಲಾದರೂ ಬೇಗ ತಿಳಿಸುವುದರಿಂದ ಲಾಭವೇ. ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಬ್ಯಾಂಕಿನಲ್ಲಿ ವಿವರ ಕೇಳಿಕೊಳ್ಳಬೇಕು.

ಮೂರನೆಯದಾಗಿ, ಹತ್ತಿರದ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಡಬೇಕು. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಲು 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅವಕಾಶವಿದೆ. ಸಂದೇಶಗಳನ್ನು ಅಳಿಸಬಾರದು. ವಂಚಕನ ಸಂಖ್ಯೆ, ಹಣ ಹೋದ ಸಮಯ, ಪಾಸ್‌ಬುಕ್ಕಿನ ಪ್ರತಿ ಇವುಗಳನ್ನು ಜೊತೆಗೆ ಒಯ್ಯಬೇಕು.

ನಾಲ್ಕನೆಯದಾಗಿ, ಕೆಲವು ದಿನಗಳ ಬಳಿಕ 'ನಿಮ್ಮ ಹಣ ವಾಪಸು ತೆಗೆಸಿಕೊಡುತ್ತೇವೆ, ಶುಲ್ಕ ಕಟ್ಟಿ' ಎಂದು ಬರುವವರನ್ನು ನಂಬಬಾರದು. ಅದು ಎರಡನೆಯ ಮೋಸ.

ವಿಸ್ತರಣಾ ಕಾರ್ಯಕರ್ತರಿಗೆ

ಮಿತ್ರರೇ, ನಿಮ್ಮ ಹೊಣೆ ಹೆಚ್ಚಿನದು. ಕೃಷಿಕರಿಗೆ ಫೋನಿನಲ್ಲಿ ಓ.ಟಿ.ಪಿ. ಕೇಳುವ ರೂಢಿಯನ್ನು ನಾವೇ ಮೊದಲು ಬಿಡಬೇಕು. ಯಾವ ಯೋಜನೆಯ ಆಪ್‌ನ್ನೂ ವಾಟ್ಸಾಪಿನಲ್ಲಿ ಕಳಿಸದೆ ಅಧಿಕೃತ ತಾಣದ ಹೆಸರನ್ನು ಮಾತ್ರ ತಿಳಿಸಬೇಕು. ಗ್ರಾಮಸಭೆ, ಸೊಸೈಟಿಯ ಮಹಾಸಭೆ, ಹಾಲಿನ ಡಿಪೋ, ಸ್ತ್ರೀಶಕ್ತಿ ಗುಂಪಿನ ಕೂಟಗಳಲ್ಲಿ ಐದು ನಿಮಿಷ ಈ ವಿಷಯಕ್ಕೆ ಮೀಸಲಿಡಬೇಕು. 1930 ಎಂಬ ಸಂಖ್ಯೆಯನ್ನು ಸೊಸೈಟಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು. ಯಾರಾದರೂ ಮೋಸ ಹೋಗಿ ಬಂದರೆ 'ಅಷ್ಟೂ ಗೊತ್ತಾಗಲಿಲ್ಲವೇ' ಎಂದು ಕೇಳಬಾರದು. ಆ ಒಂದು ಮಾತಿಗೆ ಹೆದರಿ ಎಷ್ಟೋ ಮಂದಿ ಬಾಯಿಬಿಡದೆ ಉಳಿಯುತ್ತಾರೆ. ಅವರು ಬಾಯಿಬಿಡದಿದ್ದರೆ ಅದೇ ವಂಚಕ ಮರುದಿನ ಪಕ್ಕದ ತೋಟದ ಮನೆಗೆ ಕರೆ ಮಾಡುತ್ತಾನೆ. ಕೊಳೆರೋಗ ಒಂದು ತೋಟದಲ್ಲಿ ಕಂಡಾಗ ನೆರೆಯವರಿಗೆ ತಿಳಿಸುವುದು ನಮ್ಮಲ್ಲಿ ಹಿಂದಿನಿಂದಲೂ ಇರುವ ಪದ್ಧತಿ. ಇದನ್ನೂ ಹಾಗೆಯೇ ತಿಳಿಸಬೇಕು.

ಒಟ್ಟಿನಲ್ಲಿ ನೆನಪಿಡಬೇಕಾದುದು ಎರಡು ಮಾತು: ಆತುರಪಡಬೇಡಿ, ಮುಚ್ಚಿಡಬೇಡಿ. ಸರ್ಕಾರದ ಹಣ ನಮಗೆ ಬರುವುದಿದ್ದರೆ ಒಂದು ದಿನ ತಡವಾಗಿಯಾದರೂ ಬಂದೇ ಬರುತ್ತದೆ. ಅರ್ಧ ಗಂಟೆಯೊಳಗೆ ಮುಗಿಯಬೇಕೆಂದು ಯಾರಾದರೂ ಅವಸರಪಡಿಸಿದರೆ ಫೋನು ಕೆಳಗಿಟ್ಟು, ಒಂದು ಸುತ್ತು ತೋಟಕ್ಕೆ ಹೋಗಿ ಬನ್ನಿ. ಬಂದ ಮೇಲೆ ಮನೆಯವರೊಂದಿಗೆ ಮಾತನಾಡಿ. ಬಹುಪಾಲು ಮೋಸಗಳು ಅಷ್ಟು ಹೊತ್ತನ್ನು ತಾಳಲಾರವು.